ಪ್ರಸ್ತಾರ

ಮೂರು ಅಕ್ಷರಗಳ ಗಣಗಳು 8 ಎಂದು ನಾವು ಬಲ್ಲೆವು. ಅವುಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ, ಯಾವುದೂ ಎರಡು ಸಲ ಬಂದಿಲ್ಲ ಎಂಬ ಭರವಸೆ ಹೇಗೆ? ತೋಚಿದಂತೆ ಬರೆಯಹೊರಟವನಿಗೆ ಗಲಿಬಿಲಿ ತಪ್ಪದು. ಪಿಂಗಲನ ಪರಂಪರೆಯ ಛಂದೋವಿದರು ಇದಕ್ಕೆ ಪ್ರಸ್ತಾರವೆಂಬ ಕ್ರಮವನ್ನು ಹೇಳಿದ್ದಾರೆ. ಮೊದಲ ಸಾಲೆಲ್ಲ ಗುರು. ಮುಂದೆ, ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘುವನ್ನಿಡಬೇಕು. ಅದರ ಬಲಕ್ಕೆ ಮೇಲಿದ್ದಂತೆಯೇ, ಎಡಕ್ಕೆ ಸ್ಥಳವಿದ್ದರೆ ಗುರುಗಳನ್ನೇ ಬರೆಯಬೇಕು. ಸಾಲೆಲ್ಲ ಲಘುವಾಗುವವರೆಗೆ ಹೀಗೆ ಮಾಡಿದರೆ ಮ, ಯ, ರ, ಸ, ತ, ಜ, ಭ, ನ ಗಣಗಳು ಅನುಕ್ರಮವಾಗಿ ದೊರೆಯುತ್ತವೆ. ಗುರುವಿಗೆ 0, ಲಘುವಿಗೆ 1 ಎಂದಿಟ್ಟರೆ ಕಂಪ್ಯೂಟರಿಗೆ ಒಪ್ಪಿಸುವ ಕ್ರಮವಿಧಿಯೂ ಇದೇ. ಚಿಹ್ನೆಗಳು ಹತ್ತಾದರೆ, ಒಂದು ಸ್ಥಾನವು 9ರವರೆಗೆ ಏರಿ 0ಗೆ ಮರಳಿದಾಗ ನೆರೆಯ ಸ್ಥಾನ ಒಂದು ಹೆಚ್ಚುತ್ತದೆ. ನಾಲ್ಕಂಕಿಯ ಗುಪ್ತಸಂಖ್ಯೆಗೆ ಹೀಗೆ 10,000 ಜೋಡಣೆಗಳಷ್ಟೇ. ಅವನ್ನೆಲ್ಲ ಬರೆದು ಮುಗಿಸಲು ಯಂತ್ರಕ್ಕೆ ಕ್ಷಣಮಾತ್ರ ಸಾಕು.