ಕದ್ರಿಯ ಸ್ಯಾಕ್ಸೋಫೋನಿಗೆ ಜಾಝ್ ಬಂಧುಗಳು

ನಮ್ಮ ಕರಾವಳಿಯಲ್ಲಿ ಮದುವೆಯಿರಲಿ, ದೇವಸ್ಥಾನದ ಬ್ರಹ್ಮಕಲಶವಿರಲಿ, ಸ್ಯಾಕ್ಸೋಫೋನ್ ನುಡಿಯದೆ ಮುಗಿಯುವುದು ಅಪರೂಪ. ಕೊಟ್ಟಾರ, ಕದ್ರಿ, ಉರ್ವದ ಮಕ್ಕಳಿಗೆ ಅದು ಊರಿನದೇ ವಾದ್ಯ. ಆದರೆ ಪ್ರಪಂಚದ ಬಹುಪಾಲು ಜನರಿಗೆ ಸ್ಯಾಕ್ಸೋಫೋನ್ ಎಂದೊಡನೆ ನೆನಪಾಗುವುದು ಜಾಝ್. ಈ ಎರಡೂ ಲೋಕಗಳು ಒಂದೇ ವೇದಿಕೆಯಲ್ಲಿ ಕೂಡುವಂತೆ ಮಾಡಿದವರು ಕದ್ರಿ ಗೋಪಾಲನಾಥ್.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬವನು ಈ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಮಿಲಿಟರಿ ಬ್ಯಾಂಡುಗಳಲ್ಲಿ ಬೆಳೆದ ಅದು ಮುಂದೆ ಅಮೆರಿಕದ ಕಪ್ಪುಜನರ ಸಂಗೀತವಾದ ಜಾಝಿನ ಮುಖ್ಯ ದನಿಯಾಯಿತು. ನಮ್ಮ ದೇಶದಲ್ಲೂ ಬ್ಯಾಂಡುಗಳಲ್ಲಿ ಅದು ಇತ್ತು.

ಗೋಪಾಲನಾಥ್ ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರ ಹಿಡಿಯಬೇಕಾದವನೇ. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಮನಸ್ಸು ಅತ್ತ ಹರಿಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಚೆನ್ನೈಯ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠವಾಯಿತು.

ಕಷ್ಟ ಇದ್ದದ್ದು ಗಮಕದಲ್ಲಿ. ಸ್ಯಾಕ್ಸೋಫೋನಿನ ಕೀಲಿಗಳನ್ನು ಒತ್ತಿದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ರಾಗಕ್ಕೆ ಬೇಕಾದದ್ದು ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ನಡೆ. ಅವರು ವಾದ್ಯದಲ್ಲೇ ಸಣ್ಣಪುಟ್ಟ ಮಾರ್ಪಾಡು ಮಾಡಿಕೊಂಡು, ತುಟಿ ಮತ್ತು ಉಸಿರಿನ ಹಿಡಿತದಿಂದ ಅದನ್ನು ಸಾಧಿಸಿದರು. ಅದಕ್ಕೆ ಹಿಡಿದದ್ದು ಒಂದೆರಡು ವರ್ಷವಲ್ಲ, ಹತ್ತಿರ ಹತ್ತಿರ ಇಪ್ಪತ್ತು ವರ್ಷ.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರು ನುಡಿಸಿದಾಗ ಅಮೆರಿಕದ ಹೆಸರಾಂತ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅಲ್ಲಿದ್ದರು. ಹಿಂದೆಯೇ ಸರೋದ್ ಮಾಂತ್ರಿಕ ಅಲಿ ಅಕ್ಬರ್ ಖಾನ್ ಜೊತೆ ನುಡಿಸಿದ್ದ ಹ್ಯಾಂಡಿಗೆ ನಮ್ಮ ರಾಗಗಳು ಹೊಸತಲ್ಲ. ಆದರೆ ತನ್ನದೇ ವಾದ್ಯದಲ್ಲಿ ರಾಗ! ಜೊತೆಗೆ ನುಡಿಸಬಹುದೇ ಎಂದು ಅವರೇ ಕೇಳಿದರು. ಇಬ್ಬರೂ ಒಟ್ಟಿಗೆ ನುಡಿಸಿದರು.

ಇದು ಹೇಗೆ ಸಾಧ್ಯವಾಯಿತು? ಜಾಝಿನಲ್ಲಿ ಮೊದಲು ಒಂದು ಧಾಟಿ ಬರುತ್ತದೆ, ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಅದನ್ನು ಆ ಕ್ಷಣಕ್ಕೆ ಹೊಳೆದಂತೆ ಬೆಳೆಸುತ್ತಾರೆ, ಕೊನೆಗೆ ಮತ್ತೆ ಧಾಟಿಗೆ ಬರುತ್ತಾರೆ. ನಮ್ಮ ಕಲ್ಪನಾಸ್ವರವೂ ಹಾಗೆಯೇ ಅಲ್ಲವೇ? ವ್ಯತ್ಯಾಸವೂ ಇದೆ. ನಮ್ಮ ಆಧಾರ ಷಡ್ಜ ಕಛೇರಿಯುದ್ದಕ್ಕೂ ಕದಲುವುದಿಲ್ಲ; ಜಾಝಿನಲ್ಲಿ ಹಲವು ಸ್ವರಗಳು ಒಟ್ಟಾಗಿ ನುಡಿಯುವ ಸ್ವರಗುಚ್ಛಗಳು ಬದಲಾಗುತ್ತಾ ಹೋಗುತ್ತವೆ. ಗೋಪಾಲನಾಥ್ ಜಾಝಿನವರ ಜೊತೆ ಕೂತರೂ ತಮ್ಮ ರಾಗ ಬಿಡಲಿಲ್ಲ. ಗೆಳೆತನ ಗಟ್ಟಿಯಾದದ್ದೇ ಅದರಿಂದ.

ಈ ನಾದ ಎಷ್ಟು ದೂರ ಹೋಯಿತು ನೋಡಿ. ಅಮೆರಿಕದ ಕೊಲರಾಡೋದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ್ ಮಹಾಂತಪ್ಪ ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದ ಹುಡುಗ. ಮುಖ ನೋಡಿದವರೆಲ್ಲ ಇವನಿಗೆ ಭಾರತೀಯ ಸಂಗೀತ ಗೊತ್ತಿರಲೇಬೇಕೆಂದು ತಿಳಿಯುತ್ತಿದ್ದರು. ಅವನಿಗೋ ಅದರ ಗಂಧವಿರಲಿಲ್ಲ. ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ತಂದುಕೊಟ್ಟ. ಅದರ ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’, ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆಯ ಕಾಣಿಕೆ ಅವನ ದಾರಿಯನ್ನೇ ತಿರುಗಿಸಿತು. ತನ್ನ ವಾದ್ಯವನ್ನು ಬಿಡದೆಯೇ ತನ್ನವರ ಸಂಗೀತ ಮುಟ್ಟಬಹುದೆಂದು ಗೊತ್ತಾಯಿತು. ಮುಂದೆ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಹಾಗೆಂದರೆ ಬಂಧುಗಳು. ವಿದುಷಿ ಎ. ಕನ್ಯಾಕುಮಾರಿಯವರ ಪಿಟೀಲೂ ಅದರಲ್ಲಿದೆ.

ಗೋಪಾಲನಾಥ್ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲೇ ತೀರಿಕೊಂಡರು.

ಮಕ್ಕಳೇ, ಬಿಡುವಿದ್ದಾಗ ಅಪ್ಪ ಅಮ್ಮನ ಮೊಬೈಲಿನಲ್ಲಿ ‘ಕಿನ್ಸ್‌ಮೆನ್’ ಹಾಕಿಸಿಕೊಂಡು ಕೇಳಿ. ಎರಡು ಸ್ಯಾಕ್ಸೋಫೋನುಗಳು ಒಂದಕ್ಕೊಂದು ಉತ್ತರ ಕೊಡುತ್ತವೆ. ಯಾವುದು ಗಮಕದಲ್ಲಿ ತೂಗಿ ಜಾರುತ್ತದೋ ಅದು ಹೆಚ್ಚಾಗಿ ನಮ್ಮ ಕದ್ರಿಯವರದು. ಕಣ್ಣು ಮುಚ್ಚಿ ಗುರುತಿಸುವ ಆಟ ಆಡಿ, ಮನೆಯಲ್ಲಿ ಯಾರು ಗೆಲ್ಲುತ್ತಾರೆ ನೋಡೋಣ.