ಚಿತ್ರದಲ್ಲಿ ಕಾಣದ ನಾಲ್ಕನೆಯ ಸಂಖ್ಯೆ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಹಲ್ಲುಗಾಲಿಗಳನ್ನು ಕೊರೆದು ರೂಪಿಸುವ ಕಾರ್ಖಾನೆಗಳಿವೆ. ಅಂತಹ ಗಾಲಿಯೊಂದು ಹೇಗೆ ತಿರುಗುತ್ತದೆಂಬುದನ್ನು ತೋರಿಸಲು, ಯಂತ್ರದ ಛಾಯಾಚಿತ್ರದ ಮೇಲೆ ಗಾಲಿಯ ಚಲಿಸುವ ಚಿತ್ರವನ್ನು ಕೂರಿಸಬೇಕಾಗಿದೆಯೆಂದು ಭಾವಿಸೋಣ. ಗಾಲಿಯ ಹಲ್ಲುಗಳ ನಡುವಣ ಸಂದುಗಳಲ್ಲಿ ಹಿಂದಿನ ಯಂತ್ರವು ಕಾಣಬೇಕು. ವಿದ್ಯಾರ್ಥಿನಿಯೊಬ್ಬಳು ವಾರಗಟ್ಟಲೆ ಶ್ರಮಿಸಿ ಇದನ್ನು ರಚಿಸುತ್ತಾಳೆ; ಕಡತವನ್ನು ಒಂದು ರೂಪದಿಂದ ಮತ್ತೊಂದಕ್ಕೆ ಪರಿವರ್ತಿಸಿ ಕಳುಹಿಸುತ್ತಾಳೆ. ತೆರೆದು ನೋಡಿದರೆ ಗಾಲಿಯೇನೋ ತಿರುಗುತ್ತಿದೆ. ಆದರೆ ಅದರ ಸುತ್ತಲಿನ ಕರಿಯ ಚೌಕವು ಯಂತ್ರವನ್ನೆಲ್ಲ ಮುಚ್ಚಿಬಿಟ್ಟಿದೆ! ಬಣ್ಣ ಕೆಟ್ಟಿಲ್ಲ, ಚಲನೆಯೂ ಕೆಟ್ಟಿಲ್ಲ. ಹಾಗಾದರೆ ನಷ್ಟವಾದುದೇನು?

ಪರದೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಬಿಂದುಗಳ ಜಾಲ. ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಬೆಳಕುಗಳು ಎಷ್ಟೆಷ್ಟು ಇರಬೇಕೆಂಬುದನ್ನು ಸಾಮಾನ್ಯವಾಗಿ ೦ಯಿಂದ ೨೫೫ರವರೆಗಿನ ಮೂರು ಸಂಖ್ಯೆಗಳಿಂದ ಸೂಚಿಸುತ್ತಾರೆ. ಮೂರೂ ಸೊನ್ನೆಯಾದರೆ ಕಪ್ಪು, ಮೂರೂ ೨೫೫ ಆದರೆ ಬಿಳುಪು. ಈ ಮೂರು ಸಂಖ್ಯೆಗಳಿಂದ ಕೋಟ್ಯಂತರ ಬಣ್ಣಗಳನ್ನು ಹೇಳಬಹುದು. ಆದರೆ ‘ಇಲ್ಲಿ ಏನೂ ಇಲ್ಲ, ಹಿಂದಿರುವುದನ್ನು ತೋರಿಸು’ ಎಂದು ಹೇಳಲು ಬಾರದು. ಅದಕ್ಕಾಗಿ ನಾಲ್ಕನೆಯ ಸಂಖ್ಯೆಯೊಂದು ಬೇಕು. ಅದೇ ಆಲ್ಫಾ. ಅದು ೦ ಆದರೆ ಬಿಂದುವು ಪೂರ್ಣ ಪಾರದರ್ಶಕ. ೨೫೫ ಆದರೆ ಪೂರ್ಣ ಅಪಾರದರ್ಶಕ.

ನಮ್ಮ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ಹೊಸದೆನಿಸದು. ಹದಮಾಡಿದ ತೊಗಲಿನಲ್ಲಿ ಕೊರೆದ ರಂಧ್ರಗಳ ಮೂಲಕ ದೀಪದ ಬೆಳಕು ಸಂಪೂರ್ಣವಾಗಿ ಹಾಯುತ್ತದೆ. ಬಣ್ಣ ಹಚ್ಚಿದ ಭಾಗದಲ್ಲಿ ಸ್ವಲ್ಪ ಮಾತ್ರ ಹಾಯುತ್ತದೆ. ಪಾರದರ್ಶಕತೆಯೆಂಬುದು ಉಂಟು-ಇಲ್ಲಗಳ ಮಾತಲ್ಲ, ಪ್ರಮಾಣದ ಮಾತು.

ಚಲಚ್ಚಿತ್ರ ಕಲಾವಿದರಿಗೂ ಈ ಅಗತ್ಯ ಬಹು ಹಿಂದೆಯೇ ಹೊಳೆದಿತ್ತು. ೧೯೧೫ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಎಂಬಾತನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಪಾತ್ರಗಳನ್ನು ಬರೆದು, ಕದಲದ ಹಿನ್ನೆಲೆಯ ಮೇಲಿರಿಸುವ ವಿಧಾನಕ್ಕೆ ಪೇಟೆಂಟನ್ನು ಪಡೆದನು. ಗಣಕಯಂತ್ರದಲ್ಲಿ ಆ ಹಾಳೆಯ ಸ್ಥಾನವನ್ನು ಪಡೆದುದೇ ಆಲ್ಫಾ. ೧೯೭೭ರ ಸುಮಾರಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಅದನ್ನು ರೂಪಿಸಿದರು. ೧೯೮೪ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಬೆರೆಸುವ ಗಣಿತವನ್ನು ಪ್ರಕಟಿಸಿದರು.

ಆ ಗಣಿತವು ಕಠಿನವೇನಲ್ಲ. ಗಾಲಿಯ ಅಂಚಿನಲ್ಲಿ ಬೂದುಬಣ್ಣದ ಬಿಂದುವೊಂದಿದೆ. ಅದರ ಬೆಲೆ ೨೦೦, ಆಲ್ಫಾ ಅರ್ಧ. ಹಿಂದಿನ ಯಂತ್ರದ ಬೆಲೆ ೨೪೦. ಆಗ ಕಾಣಬೇಕಾದುದು ೨೦೦ರ ಅರ್ಧ, ೨೪೦ರ ಅರ್ಧ, ಒಟ್ಟು ೨೨೦. ಆದರೆ ಪರಿವರ್ತನೆಯಲ್ಲಿ ಆಲ್ಫಾ ಕಳೆದು, ಚಿತ್ರವು ಕಪ್ಪಿನೊಡನೆ ಬೆರೆತುಹೋಯಿತೆನ್ನೋಣ. ಆಗ ಉಳಿಯುವುದು ೧೦೦ ಮಾತ್ರ. ಈ ೧೦೦ನ್ನು ನೋಡಿ, ಅದು ಮೊದಲಿನಿಂದಲೂ ಗಟ್ಟಿಯಾದ ೧೦೦ ಆಗಿತ್ತೋ, ಅಥವಾ ಅರ್ಧ ಪಾರದರ್ಶಕವಾದ ೨೦೦ ಆಗಿತ್ತೋ ಹೇಳಬಲ್ಲಿರಾ? ಯಾರಿಂದಲೂ ಆಗದು. ಕರಿಯ ಚೌಕವನ್ನು ಕತ್ತರಿಸಿ ತೆಗೆದರೂ ಅಂಚಿನಲ್ಲಿ ಕರಿಯ ಗೆರೆ ಉಳಿಯುವುದು ಇದರಿಂದಲೇ. ಊಹಿಸಿ ತಿದ್ದಬಹುದು, ಮೂಲವು ಮರಳಿ ಬಾರದು.

ಆದುದರಿಂದ ಯಾವ ಕಡತವು ನಾಲ್ಕನೆಯ ಸಂಖ್ಯೆಗೆ ಎಡೆಗೊಡುತ್ತದೆಂಬುದನ್ನು ಮೊದಲೇ ಅರಿಯಬೇಕು. ಜೆಪೆಗ್ ಚಿತ್ರದಲ್ಲಿ ಅದಕ್ಕೆ ಸ್ಥಳವೇ ಇಲ್ಲ. ಎಲ್ಲೆಡೆ ಬಳಕೆಯಲ್ಲಿರುವ ಎಚ್.೨೬೪ ಕ್ರಮದ ಎಂಪಿ೪ ಚಲಚ್ಚಿತ್ರದಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ. ೧೯೮೯ರ ಗಿಫ್ ಕಡತವು ತನ್ನ ೨೫೬ ಬಣ್ಣಗಳಲ್ಲಿ ಒಂದನ್ನು ಮಾತ್ರ ಪಾರದರ್ಶಕವೆಂದು ಗುರುತಿಸಬಲ್ಲದು. ಅರ್ಧ ಪಾರದರ್ಶಕತೆ ಅದಕ್ಕೆ ತಿಳಿಯದು, ಅಂಚುಗಳು ಗರಗಸದಂತೆ ಕಾಣುತ್ತವೆ. ೧೯೯೬ರಲ್ಲಿ ಬಂದ ಪಿಎನ್‌ಜಿ ಪೂರ್ಣ ಆಲ್ಫಾವನ್ನು ಕಾಪಾಡುತ್ತದೆ. ಚಲಿಸುವ ಚಿತ್ರಗಳಿಗೆ ಪ್ರೋರೆಸ್ ೪೪೪೪ ಮತ್ತು ವಿಪಿ೯ ಕ್ರಮದ ವೆಬ್‌ಎಂ ಕಡತಗಳು ಆಲ್ಫಾವನ್ನು ಹೊರಬಲ್ಲವು. ಪ್ರೋರೆಸ್ ೪೨೨ ಹೊರಲಾರದು.

ಆಲ್ಫಾ ಉಳಿದ ಮೇಲೂ ಒಂದು ಎಡವು ಉಂಟು. ಕೆಲವು ತಂತ್ರಾಂಶಗಳು ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಡುತ್ತವೆ. ಕೆಲವು ಎರಡನ್ನೂ ಬೇರೆ ಬೇರೆಯಾಗಿ ಇಡುತ್ತವೆ. ಗುಣಿಸಿಟ್ಟ ೧೦೦ನ್ನು ಗುಣಿಸದುದೆಂದು ತಿಳಿದು ಮತ್ತೊಮ್ಮೆ ಗುಣಿಸಿದರೆ ೫೦ ಆಗುತ್ತದೆ; ಅಂಚು ಕಪ್ಪಿಡುತ್ತದೆ. ಇದು ಮಾತ್ರ ತಿದ್ದಬಹುದಾದ ತಪ್ಪು; ಓದುವ ತಂತ್ರಾಂಶಕ್ಕೆ ಸರಿಯಾದ ಕ್ರಮವನ್ನು ತಿಳಿಸಿದರೆ ಸಾಕು.

ಹಾಗಾದರೆ ಎಚ್ಚರಿಕೆ ಹೇಗೆ? ಹತ್ತು ಸೆಕೆಂಡುಗಳ ಚಿತ್ರದಲ್ಲಿ, ಸೆಕೆಂಡಿಗೆ ೨೪ರಂತೆ, ೨೪೦ ಚೌಕಟ್ಟುಗಳು. ೧೯೨೦ಕ್ಕೆ ೧೦೮೦ರ ಅಳತೆಯಾದರೆ ಪ್ರತಿ ಚೌಕಟ್ಟಿನಲ್ಲಿ ೨೦,೭೩,೬೦೦ ಬಿಂದುಗಳು. ಸಂಕುಚಿಸದಿದ್ದರೆ ಆಲ್ಫಾ ಒಂದೇ ಸುಮಾರು ೫೦ ಕೋಟಿ ಬೈಟುಗಳನ್ನು ಬೇಡುತ್ತದೆ. ಇದರಿಂದ ಬೆದರಿ ಮೂಲವನ್ನು ಅಳಿಸಬಾರದು. ೨೪೦ ಪಿಎನ್‌ಜಿ ಚಿತ್ರಗಳ ಸರಣಿಯಾಗಿ ಮೂಲವನ್ನು ಕಾದಿರಿಸಿ, ಅದರಿಂದಲೇ ಬೇಕಾದ ರೂಪಗಳನ್ನು ಪಡೆಯಬೇಕು. ಪರಿವರ್ತಿತ ಕಡತವನ್ನು ಮತ್ತೆ ಪರಿವರ್ತಿಸಬಾರದು. ಕಳುಹಿಸುವ ಮೊದಲು ಚಿತ್ರವನ್ನು ಒಮ್ಮೆ ಕಪ್ಪಿನ ಮೇಲೆ, ಒಮ್ಮೆ ಬಿಳುಪಿನ ಮೇಲೆ ಇಟ್ಟು ನೋಡಬೇಕು. ಕಪ್ಪಿನ ಮೇಲೆ ಅಡಗಿದ ದೋಷವು ಬಿಳುಪಿನ ಮೇಲೆ ತಾನೇ ಹೊರಬೀಳುತ್ತದೆ.

ಕರ್ನಾಟಕ ಸರ್ಕಾರವು ೨೦೧೨ರಲ್ಲಿಯೇ ಈ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿತು. ೨೦೨೧ರಲ್ಲಿ ವೈಟ್‌ಫೀಲ್ಡಿಗೆ ಸಮೀಪದ ಮಹದೇವಪುರದಲ್ಲಿ ಅನಿಮೇಷನ್ ಮತ್ತು ದೃಶ್ಯ ಪರಿಣಾಮಗಳ ಉತ್ಕೃಷ್ಟತಾ ಕೇಂದ್ರವೂ ಆರಂಭವಾಯಿತು. ಇಂತಹ ಉದ್ಯೋಗದಲ್ಲಿ ಒಂದು ದೃಶ್ಯವು ಒಬ್ಬರ ಕೈಯಿಂದ ಮುಗಿಯುವುದಿಲ್ಲ. ಹಿನ್ನೆಲೆ ಒಬ್ಬರದು, ಪಾತ್ರ ಇನ್ನೊಬ್ಬರದು, ಹೊಗೆ ಮತ್ತೊಬ್ಬರದು. ತನ್ನ ಕೆಲಸವು ಎಲ್ಲಿ ಮುಗಿದು ಇತರರಿಗೆ ಎಲ್ಲಿ ಎಡೆಬಿಡಬೇಕೆಂಬುದನ್ನು ಆ ನಾಲ್ಕನೆಯ ಸಂಖ್ಯೆಯು ಹೇಳುತ್ತದೆ. ಅದನ್ನು ಕಳೆದುಕೊಂಡ ಚಿತ್ರವು ತಾನು ಅಂದವಾಗಿದ್ದರೂ ಜೊತೆಯವರ ಶ್ರಮವನ್ನು ಮುಚ್ಚಿಬಿಡುತ್ತದೆ.