ಮೂಗಿನ ಮೇಲೊಂದು ಕ್ಯಾಮೆರಾ

ಬಸ್ಸು ಬರುವುದು ಕಾಣುತ್ತದೆ, ಅದರ ಬಣ್ಣವೂ ತಿಳಿಯುತ್ತದೆ. ಮೇಲಿನ ನಂಬರು ಮಾತ್ರ ಓದಲಾಗದು. ಎದುರು ನಿಂತವರ ಸೀರೆಯ ಅಂಚು ಕಂಡರೂ ಮುಖದ ಗುರುತು ಸಿಗದು. ಕಣ್ಣಿನೊಳಗಿನ ಪರದೆಯಾದ ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾ ಸವೆದವರ ಪಾಡು ಇದು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ ಇರುವವರದು ಇದಕ್ಕೆ ತದ್ವಿರುದ್ಧ. ಪತ್ರಿಕೆಯ ಸಣ್ಣಕ್ಷರವನ್ನೂ ಓದಬಲ್ಲವರು ಪಕ್ಕದಲ್ಲಿರುವ ಸ್ಟೂಲನ್ನು ಎಡವುತ್ತಾರೆ, ಕತ್ತಲಾದರೆ ಮನೆಯಿಂದ ಹೊರಡಲು ಅಳುಕುತ್ತಾರೆ. ಇಬ್ಬರದೂ ಮಂದದೃಷ್ಟಿಯೇ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ತಕ್ಕ ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಹೆಚ್ಚು ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಇಳಿದು 3/60ರವರೆಗೆ ಇದ್ದರೆ, ಇಲ್ಲವೇ ನೋಟದ ಹರವು 40 ಡಿಗ್ರಿಗಿಂತ ಕಿರಿದಾಗಿ 10 ಡಿಗ್ರಿಯವರೆಗೆ ಇದ್ದರೆ ಅದು ಮಂದದೃಷ್ಟಿ. 3/60 ಎಂದರೆ, ಉಳಿದವರು 60 ಮೀಟರಿನಿಂದ ಓದುವ ಅಕ್ಷರವನ್ನು ಓದಲು 3 ಮೀಟರಿನಷ್ಟು ಹತ್ತಿರ ಬರಬೇಕು.

ಇಂಥವರಿಗಾಗಿ ಬಂದಿರುವ ಡಿಜಿಟಲ್ ಕನ್ನಡಕಗಳು ಸವೆದ ರೆಟಿನಾವನ್ನು ಸರಿಪಡಿಸುವುದಿಲ್ಲ. ಉಳಿದಿರುವ ಭಾಗದಿಂದ ಹೆಚ್ಚು ಕೆಲಸ ತೆಗೆಯುವುದು, ಅದಾಗದಿದ್ದರೆ ಕಿವಿಗೆ ಕೆಲಸ ಒಪ್ಪಿಸುವುದು, ಇವೇ ಅವುಗಳ ಎರಡು ದಾರಿ.

ಮೊದಲ ದಾರಿಯ ಹಿರಿಯಣ್ಣ 1994ರಲ್ಲಿ ಮಾರುಕಟ್ಟೆಗೆ ಬಂದ ‘ಲೋ ವಿಷನ್ ಎನ್‌ಹಾನ್ಸ್‌ಮೆಂಟ್ ಸಿಸ್ಟಮ್’. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲ್ಮರ್ ಕಣ್ಣಿನ ಸಂಸ್ಥೆಯಲ್ಲಿ ರಾಬರ್ಟ್ ಮ್ಯಾಸಾಫ್ ಮತ್ತು ಸಂಗಡಿಗರು ನಾಸಾ ಜೊತೆ ಸೇರಿ ಕಟ್ಟಿದ ಸಾಧನ ಅದು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು ‘ಎಲ್ವಿಸ್’ ಎಂದೇ ಕರೆದರು. ಕಪ್ಪು-ಬಿಳುಪು ಚಿತ್ರ, ತಲೆಯ ಮೇಲೆ ಸುಮಾರು ಒಂದು ಕಿಲೋ ಭಾರ. ದಿನವಿಡೀ ಹಾಕಿಕೊಳ್ಳುವ ವಸ್ತುವಂತೂ ಆಗಿರಲಿಲ್ಲ.

ಕೆನಡಾದ ಎಂಜಿನಿಯರ್ ಕಾನ್ರಾಡ್ ಲೂಯಿಸ್ ಅವರ ಇಬ್ಬರು ಸಹೋದರಿಯರಿಗೆ ಮಂದದೃಷ್ಟಿ. ಅವರಿಗಾಗಿ ಶುರುವಾದ ಪ್ರಯತ್ನದಿಂದ 2013ರಲ್ಲಿ ‘ಇಸೈಟ್’ ಹೊರಬಂತು. ಮುಂದೆ ಕ್ಯಾಮೆರಾ, ಕಣ್ಣಿನೆದುರು ಎರಡು ಪುಟ್ಟ ಪರದೆ. ಕ್ಯಾಮೆರಾ ಕಂಡದ್ದನ್ನು ಯಂತ್ರ ಹಿಗ್ಗಿಸಿ, ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿ, ಆ ಕ್ಷಣವೇ ಪರದೆಗೆ ಕಳಿಸುತ್ತದೆ. ರೆಟಿನಾದ ನಡುಭಾಗ ಹೋದರೂ ಅಂಚು ಬದುಕಿರುತ್ತದೆ. ಆದರೆ ಅಂಚಿಗೆ ಸೂಕ್ಷ್ಮ ವಿವರ ಹಿಡಿಯುವ ಶಕ್ತಿಯಿಲ್ಲ. ಅಕ್ಷರ ದೊಡ್ಡದಾದರೆ ಅದು ಸವೆದ ಜಾಗವನ್ನು ದಾಟಿ ಅಂಚಿಗೂ ಚಾಚುತ್ತದೆ, ಅಲ್ಲಿಗೆ ನಿಲುಕುವ ಗಾತ್ರಕ್ಕೂ ಬರುತ್ತದೆ. ನೋಟವನ್ನು ತುಸು ಓರೆಯಾಗಿಸಿ ಆ ಅಂಚಿನಿಂದಲೇ ಓದಲು ಅಭ್ಯಾಸ ಬೇಕು.

ಹಿಗ್ಗಿಸುವುದಕ್ಕೆ ಬೆಲೆ ತೆರಬೇಕು. 40 ಡಿಗ್ರಿ ಅಗಲದ ಪರದೆಯಲ್ಲಿ ಚಿತ್ರವನ್ನು 4 ಪಟ್ಟು ಮಾಡಿದರೆ ಹೊರಜಗತ್ತಿನ 10 ಡಿಗ್ರಿ ಮಾತ್ರ ಒಳಗೆ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ತೊಡಕು ಚಲನೆಯದು. ತಲೆ ಬಲಕ್ಕೆ ತಿರುಗಿದಾಗ ಕಣ್ಣುಗುಡ್ಡೆ ತಾನಾಗಿ ಅಷ್ಟೇ ಎಡಕ್ಕೆ ತಿರುಗಿ ದೃಶ್ಯವನ್ನು ನಿಲ್ಲಿಸುತ್ತದೆ. ಒಳಕಿವಿಯ ಸಮತೋಲನದ ಅಂಗ ಈ ಹೊಂದಾಣಿಕೆಯ ಸೂತ್ರಧಾರಿ. ಕ್ಯಾಮೆರಾ ತಲೆಗೇ ಅಂಟಿಕೊಂಡಿದ್ದು, ಚಿತ್ರ 4 ಪಟ್ಟು ಹಿಗ್ಗಿದ್ದರೆ, ತಲೆ 1 ಡಿಗ್ರಿ ಅಲುಗಿದಾಗ ದೃಶ್ಯ 4 ಡಿಗ್ರಿ ಜಾರುತ್ತದೆ. ಹೊಂದಾಣಿಕೆ ಕೆಡುತ್ತದೆ, ತಲೆ ಸುತ್ತುತ್ತದೆ. ಟಿ.ವಿ. ನೋಡಲು, ತರಗತಿಯ ಬೋರ್ಡು ಓದಲು ಒದಗುವ ಸಾಧನ ರಸ್ತೆ ದಾಟುವಾಗ ಅಪಾಯಕ್ಕೆ ದೂಡೀತು.

ನೋಟ ಸುರಂಗದಂತೆ ಕಿರಿದಾದವರಿಗೆ ಹಿಗ್ಗಿಸಿದ ಚಿತ್ರದಿಂದ ಉಪಯೋಗವಿಲ್ಲ, ಕುಗ್ಗಿಸಿದ ಚಿತ್ರ ಬೇಕು. ಬಾಸ್ಟನ್ನಿನ ಶೆಪೆನ್ಸ್ ಕಣ್ಣಿನ ಸಂಸ್ಥೆಯ ಸಂಶೋಧಕ ಎಲಿ ಪೆಲಿ ಇದಕ್ಕೊಂದು ಜಾಣ ಉಪಾಯ ಹೂಡಿದರು. ಪಾರದರ್ಶಕ ಗಾಜಿನಲ್ಲಿ ಎದುರಿನ ನೋಟ ಇದ್ದಹಾಗೇ ಇರುತ್ತದೆ. ಅದರ ಮೇಲೆ ವಿಶಾಲ ದೃಶ್ಯದ ಅಂಚುಗೆರೆಗಳಷ್ಟನ್ನು ಕುಗ್ಗಿಸಿ, ಚಿಕ್ಕ ರೇಖಾಚಿತ್ರವಾಗಿ ಮೂಡಿಸಲಾಗುತ್ತದೆ. ಪಕ್ಕದಿಂದ ಬರುವ ಸೈಕಲ್ಲು ಗೆರೆಯಾಗಿ ಸುಳಿದರೂ ಸಾಕು, ಆ ಕಡೆ ತಿರುಗಿ ನೋಡಬಹುದು.

ಕಿವಿಯ ದಾರಿ ಹಿಡಿದದ್ದು ಇಸ್ರೇಲಿನ ‘ಆರ್‌ಕ್ಯಾಮ್’. ಕಾರುಗಳಿಗೆ ‘ಮೊಬಿಲ್‌ಐ’ ಕ್ಯಾಮೆರಾ ತಂತ್ರಜ್ಞಾನ ಕೊಟ್ಟ ಅಮ್ನಾನ್ ಶಾಶುವಾ ಮತ್ತು ಝಿವ್ ಅವಿರಾಮ್ 2010ರಲ್ಲಿ ಕಟ್ಟಿದ ಕಂಪನಿ ಇದು. ಬೆರಳಿನಷ್ಟು ಉದ್ದದ ಸಾಧನ ಅಯಸ್ಕಾಂತದಿಂದ ಕನ್ನಡಕದ ಕಡ್ಡಿಗೆ ಅಂಟುತ್ತದೆ. ಪುಟದ ಮೇಲೆ ಬೆರಳಿಟ್ಟು ತೋರಿಸಿದರೆ ಓದಿ ಹೇಳುತ್ತದೆ. ನೆದರ್‌ಲೆಂಡ್ಸಿನಲ್ಲಿ ಕಾರ್ತಿಕ್ ಮಹಾದೇವನ್ ಮತ್ತು ಕಾರ್ತಿಕ್ ಕಣ್ಣನ್ ರೂಪಿಸಿದ ‘ಎನ್‌ವಿಷನ್’ ಗೂಗಲ್ ಕಂಪನಿಯ ‘ಗೂಗಲ್ ಗ್ಲಾಸ್’ ಕನ್ನಡಕದ ಮೇಲೆ ರೂಪುಗೊಂಡಿತ್ತು. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ‘ಸ್ಮಾರ್ಟ್ ವಿಷನ್ ಗ್ಲಾಸಸ್’ ತಯಾರಿಸಿದೆ. ಓದುವುದು, ಪರಿಚಿತರ ಮುಖ ಗುರುತಿಸುವುದು, ಎದುರಿನ ಅಡೆತಡೆಯ ಬಗ್ಗೆ ಎಚ್ಚರಿಸುವುದು ಅದರ ಕೆಲಸ.

ಕನ್ನಡ ಪುಟವನ್ನು ಓದುವುದು ಯಂತ್ರಕ್ಕೆ ಸಲೀಸಲ್ಲ. ‘ರಾಷ್ಟ್ರ’ ಎಂಬಲ್ಲಿ ‘ಷ’ದ ಕೆಳಗೆ ಟಕಾರದ ಒತ್ತು, ಅದರ ಜೊತೆ ರಕಾರದ ಒತ್ತು. ಸಾಲುಗಳು ಒತ್ತೊತ್ತಾಗಿದ್ದರೆ ಈ ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ತಾಗಿ, ಯಾವ ಚೂರು ಯಾವ ಅಕ್ಷರದ್ದೆಂದು ಯಂತ್ರ ತಬ್ಬಿಬ್ಬಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿ ಜ್ಞಾನಿ’ ತಂತ್ರಾಂಶ ಇಂಥ ಕಗ್ಗಂಟುಗಳನ್ನು ಬಿಡಿಸಲೆಂದೇ ಬಂದದ್ದು.

ಈಗ ದೃಶ್ಯವನ್ನೇ ಬಣ್ಣಿಸಿ ಹೇಳುವ ಕೃತಕ ಬುದ್ಧಿಮತ್ತೆಯೂ ಕನ್ನಡಕಕ್ಕೆ ಇಳಿದಿದೆ. ಆದರೆ ಅದು ಸರಿಯನ್ನೂ ತಪ್ಪನ್ನೂ ಒಂದೇ ಧಾಟಿಯಲ್ಲಿ ನುಡಿಯುತ್ತದೆ. ಮಾತ್ರೆಯ ಪಟ್ಟಿಯ ಮೇಲಿನ ಹೆಸರು, ಅವಧಿ ಮುಗಿಯುವ ತಿಂಗಳು ತಪ್ಪಾದರೆ ಅಪಾಯ. ಇಂಥ ಕಡೆ ಮನುಷ್ಯರ ಕಣ್ಣಿನ ನೆರವು ಬೇಕು. ಡೆನ್ಮಾರ್ಕಿನಲ್ಲಿ ಹುಟ್ಟಿ 2015ರಲ್ಲಿ ಬಳಕೆಗೆ ಬಂದ ‘ಬಿ ಮೈ ಐಸ್’ ಆ್ಯಪ್ ವಿಡಿಯೊ ಕರೆಯಲ್ಲಿ ಸ್ವಯಂಸೇವಕರನ್ನು ಜೋಡಿಸುತ್ತದೆ.

ಒಬ್ಬರಿಗೆ ಒದಗಿದ ಸಾಧನ ಇನ್ನೊಬ್ಬರಿಗೆ ಒದಗದು. ಹಾಗಾಗಿ ಕೊಳ್ಳುವ ಮೊದಲು ಮಂದದೃಷ್ಟಿಯವರ (ಲೋ ವಿಷನ್) ಕ್ಲಿನಿಕ್ಕಿನಲ್ಲಿ ರೆಟಿನಾದ ಯಾವ ಭಾಗ ಉಳಿದಿದೆ, ನೋಟದ ಹರವು ಎಷ್ಟು ಎಂದು ಅಳೆಸಬೇಕು. ಕೈಭೂತಗನ್ನಡಿ, ಮೊಬೈಲಿನ ಮ್ಯಾಗ್ನಿಫೈಯರ್‌ಗಳಲ್ಲೇ ಕೆಲಸ ನಡೆಯುವುದಾದರೆ ದುಬಾರಿ ಸಾಧನ ಬೇಕಿಲ್ಲ. ಬೇಕೆಂದಾದರೆ, ತಾವು ದಿನವೂ ಓದುವ ಕನ್ನಡ ಪತ್ರಿಕೆಯನ್ನು ಜೊತೆಗೊಯ್ದು, ಸಾಧನವನ್ನು ಅರ್ಧ ಗಂಟೆಯಾದರೂ ಹಾಕಿಕೊಂಡು ನೋಡಬೇಕು. ಮೂಗಿನ ಮೇಲಿನ ಭಾರ, ಬಿಸಿ, ಬ್ಯಾಟರಿಯ ಬಾಳಿಕೆ, ಕೆಟ್ಟರೆ ರಿಪೇರಿ ಎಲ್ಲಿ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಬಹುದು.